ಗೋದಾಮಿನಲ್ಲಿ ಉಳಿದ ಕಟ್ಟುಗಳು ಹೇಳುವುದೇನು?

ಪ್ರಶ್ನೆ: ಹದಿನೆಂಟು ವರ್ಷಗಳಿಂದ ಒಂದು ಸಣ್ಣ ಪ್ರಕಾಶನ ನಡೆಸುತ್ತಿದ್ದೇನೆ. ಇಲ್ಲಿಯವರೆಗೆ 43 ಪುಸ್ತಕ ತಂದಿದ್ದೇನೆ, ಜೊತೆಗೆ ಒಂದು ತ್ರೈಮಾಸಿಕವೂ ಇದೆ. ಮೊದಲೆಲ್ಲ ಸಾವಿರ ಪ್ರತಿ ಎರಡು ವರ್ಷದಲ್ಲಿ ಖರ್ಚಾಗುತ್ತಿತ್ತು. ಈಗ ಐದು ವರ್ಷವಾದರೂ ಅರ್ಧಕ್ಕರ್ಧ ಗೋದಾಮಿನಲ್ಲೇ ಕೂತಿರುತ್ತದೆ. ‘ಎಲ್ಲರೂ ಫೋನಿನಲ್ಲೇ ಓದುವ ಕಾಲ, ಅಚ್ಚು ಹಾಕಿಸುವುದನ್ನು ಬಿಟ್ಟು ಇ-ಪುಸ್ತಕ ಮಾಡು’ ಎಂದು ಮನೆಯವರೂ ಸ್ನೇಹಿತರೂ ಹೇಳುತ್ತಿದ್ದಾರೆ. ಸದ್ಯ ಕೈಯಲ್ಲಿ ಮೂರು ಹಸ್ತಪ್ರತಿಗಳಿವೆ: ಒಂದು ಕಾದಂಬರಿ, ಒಂದು ಸಸ್ಯಕೋಶ, ಒಂದು ಮಕ್ಕಳ ಚಿತ್ರಪುಸ್ತಕ. ಮುದ್ರಣ ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಆದರೆ ಪ್ರತಿ ಪುಸ್ತಕಕ್ಕೂ ಸಾವಿರ ಪ್ರತಿ ಹಾಕಿಸುವ ರೂಢಿಯನ್ನು ಇವತ್ತೇ ಬಿಡಿ. ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿದ್ದು, ನಿಮ್ಮ ಪ್ರಕಾಶನವನ್ನು ಕುಗ್ಗಿಸುತ್ತಿರುವುದು ಮುಖ್ಯವಾಗಿ ಎಷ್ಟು ಪ್ರತಿ ಬೇಕೆಂಬ ಅಂದಾಜು ಲೆಕ್ಕ. ಫೋನಿನ ಪಾಲು ಅದರಲ್ಲಿ ಇದೆ, ಆದರೆ ನಿಮ್ಮ ಮನೆಯವರು ತಿಳಿದಿರುವ ರೀತಿಯಲ್ಲಿ ಅಲ್ಲ.

ಮೊದಲು ಫೋನಿನ ವಿಷಯಕ್ಕೇ ಬರೋಣ. 2007ರ ನವೆಂಬರಿನಲ್ಲಿ ಅಮೆಜಾನ್ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್ ಹೊರತಂದಾಗ, 2010ರಲ್ಲಿ ಐಪ್ಯಾಡ್ ಬಂದಾಗ, ಕಾಗದದ ಪುಸ್ತಕಕ್ಕೆ ಇನ್ನು ಹತ್ತು ವರ್ಷ ಆಯುಸ್ಸು ಎಂದು ನಮ್ಮ ವೃತ್ತಿಯವರೇ ಮಾತಾಡಿಕೊಂಡಿದ್ದರು. ಅಮೆರಿಕದಲ್ಲಿ ದೊಡ್ಡ ಪ್ರಕಾಶಕರ ಆದಾಯದಲ್ಲಿ ಇ-ಪುಸ್ತಕದ ಪಾಲು ಕೆಲವೇ ವರ್ಷಗಳಲ್ಲಿ ಐದನೇ ಒಂದು ಭಾಗದ ಆಚೀಚೆಗೆ ಏರಿತು. 2013–14ರ ಹೊತ್ತಿಗೆ ಅಲ್ಲಿಗೇ ನಿಂತಿತು, ಆಮೇಲೆ ಸ್ವಲ್ಪ ಇಳಿಯಿತು ಕೂಡ. ಜನ ಮನೆಯೊಳಗೇ ಕೂತು ಪರದೆ ನೋಡುತ್ತಿದ್ದ 2020 ಮತ್ತು 2021ರಲ್ಲಿ ಅದೇ ದೇಶದಲ್ಲಿ ಅಚ್ಚಾದ ಪುಸ್ತಕಗಳ ಮಾರಾಟ ಹೆಚ್ಚಾಯಿತು.

ಹಾಗಾದರೆ ನಿಂತುಹೋದದ್ದು ಯಾವುದು? 1768ರಲ್ಲಿ ಶುರುವಾಗಿದ್ದ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ 244 ವರ್ಷಗಳ ನಂತರ, 2012ರಲ್ಲಿ, ಇನ್ನು ಮುಂದೆ ಅಚ್ಚು ಹಾಕುವುದಿಲ್ಲ ಎಂದು ಘೋಷಿಸಿತು. 1703ರಿಂದ ನಡೆದುಬಂದಿದ್ದ ವಿಯೆನ್ನಾದ ‘ವೀನರ್ ತ್ಸೈಟುಂಗ್’ ತನ್ನ ಮುದ್ರಿತ ದೈನಿಕವನ್ನು 2023ರ ಜೂನ್ 30ಕ್ಕೆ ನಿಲ್ಲಿಸಿತು. ಇವೆರಡರ ಕಥೆ ಒಂದೇ ಅಲ್ಲ. ವಿಶ್ವಕೋಶವನ್ನು ಯಾರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಿಲ್ಲ. ಬೇಕಾದ ಒಂದು ನಮೂದು ಹುಡುಕಿ ಮುಚ್ಚಿಡುತ್ತಾರೆ. ಹುಡುಕುವ ಕೆಲಸದಲ್ಲಿ ಯಂತ್ರದೆದುರು ಕಾಗದ ನಿಲ್ಲಲಾರದು. ಪತ್ರಿಕೆಗಳ ಸಂಕಟ ಬೇರೆ. ಓದುಗರು ಕೊಡುತ್ತಿದ್ದ ಬೆಲೆಯೊಂದರಿಂದಲೇ ಹೆಚ್ಚಿನ ಪತ್ರಿಕೆಗಳು ನಡೆಯುತ್ತಿರಲಿಲ್ಲ, ಜಾಹೀರಾತು ಅವುಗಳನ್ನು ಸಾಕುತ್ತಿತ್ತು. ಮನೆ ಬಾಡಿಗೆ, ಕೆಲಸ ಖಾಲಿ, ಹಳೆಯ ವಾಹನ ಎಂಬ ಸಣ್ಣ ಸಣ್ಣ ಜಾಹೀರಾತುಗಳು ಜಾಲತಾಣಗಳಿಗೆ ಹೋದವು, ದೊಡ್ಡವು ಗೂಗಲ್, ಫೇಸ್‌ಬುಕ್‌ಗಳಿಗೆ ಹೋದವು. ಓದುವವರಿದ್ದರೂ ಸಾಕುವವರಿಲ್ಲದೆ ಎಷ್ಟೋ ಪತ್ರಿಕೆಗಳು ಕೈಚೆಲ್ಲಿದವು.

ನಿಮ್ಮ ಪುಸ್ತಕಗಳು ಜಾಹೀರಾತಿನ ಹಣದಲ್ಲಿ ನಡೆದವಲ್ಲ. ಬಹುಪಾಲು ಹುಡುಕಿ ಮುಚ್ಚಿಡುವಂಥವೂ ಅಲ್ಲ. ಆದ್ದರಿಂದ ಪತ್ರಿಕೆ, ವಿಶ್ವಕೋಶಗಳ ಕಥೆ ಕೇಳಿ ಹೆದರಬೇಡಿ.

ಈಗ ಅಂದಾಜಿನ ವಿಷಯ. ಲೋಹದ ಪ್ಲೇಟ್ ಮಾಡಿಸಿ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣದಲ್ಲಿ ಮೊದಲ ಪ್ರತಿ ಹೊರಬೀಳುವ ಮೊದಲೇ ದೊಡ್ಡ ಖರ್ಚು ಮುಗಿದಿರುತ್ತದೆ. ಒಂದು ದೊಡ್ಡ ಹಾಳೆಯಲ್ಲಿ 16 ಪುಟ ಬರುವ ಫಾರಂ ಲೆಕ್ಕದಲ್ಲಿ 160 ಪುಟದ ಪುಸ್ತಕವೆಂದರೆ 10 ಫಾರಂ. ಹಾಳೆಯ ಎರಡೂ ಬದಿಗೆ ಬೇರೆ ಬೇರೆ ಪ್ಲೇಟ್ ಎಂದರೆ ಒಂದೇ ಬಣ್ಣದ ಕೆಲಸಕ್ಕೂ 20 ಪ್ಲೇಟ್ ಬೇಕು. ಪ್ರತಿ ಪ್ಲೇಟನ್ನೂ ಯಂತ್ರಕ್ಕೆ ಕೂರಿಸಿ, ಮಸಿ ಹದಕ್ಕೆ ಬರುವವರೆಗೆ ನೂರಾರು ಹಾಳೆ ಹಾಳುಮಾಡಬೇಕು. ನೂರು ಪ್ರತಿಗೂ ಇದೇ ಖರ್ಚು, ಐದು ಸಾವಿರಕ್ಕೂ ಇದೇ ಖರ್ಚು. ಅದಕ್ಕೇ ಪ್ರೆಸ್ಸಿನವರು, ‘ಇನ್ನೊಂದು ಐನೂರು ಸೇರಿಸಿ, ಬರೀ ಕಾಗದದ ಖರ್ಚಿನಲ್ಲಿ ಬರುತ್ತದೆ’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ನಾವು ಮಾಡುವ ತಪ್ಪೆಂದರೆ ಅಚ್ಚಾದ ಪ್ರತಿಗೆ ಎಷ್ಟು ಬಿತ್ತು ಎಂದು ನೋಡುತ್ತೇವೆ, ಮಾರಿಹೋದ ಪ್ರತಿಗೆ ಎಷ್ಟು ಬಿತ್ತು ಎಂದು ನೋಡುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಇವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು, ನಿಮ್ಮ ಪ್ರೆಸ್ಸಿನ ದರ ಹಾಕಿ ನೀವೇ ಮತ್ತೆ ಲೆಕ್ಕ ಮಾಡಿ. ಸಾವಿರ ಪ್ರತಿ ಹಾಕಿಸಿದರೆ ಒಂದಕ್ಕೆ 40 ಬೀಳುತ್ತದೆ ಎಂದುಕೊಳ್ಳಿ, ಒಟ್ಟು 40,000. ಮುನ್ನೂರೇ ಪ್ರತಿಯನ್ನು ಪ್ಲೇಟಿನ ಗೊಡವೆಯಿಲ್ಲದ ಡಿಜಿಟಲ್ ಯಂತ್ರದಲ್ಲಿ ಹಾಕಿಸಿದರೆ ಒಂದಕ್ಕೆ 60, ಒಟ್ಟು 18,000. ಮೇಲ್ನೋಟಕ್ಕೆ ಸಾವಿರವೇ ಲಾಭ. ಆದರೆ ಐದು ವರ್ಷದಲ್ಲಿ ಮಾರಿದ್ದು 450 ಮಾತ್ರ. ಆಗ ಮೊದಲ ದಾರಿಯಲ್ಲಿ ಮಾರಿದ ಪ್ರತಿಯೊಂದಕ್ಕೆ ಸುಮಾರು 89 ಬಿತ್ತು. ಎರಡನೆಯ ದಾರಿಯಲ್ಲಿ ಮುನ್ನೂರು ಮುಗಿದ ಮೇಲೆ ಇನ್ನೂ 150 ಪ್ರತಿಯನ್ನು ಒಂದಕ್ಕೆ 65ರಂತೆ ಹಾಕಿಸಿದರೂ ಒಟ್ಟು 27,750, ಪ್ರತಿಗೆ 62ರೊಳಗೆ. ಮಿಕ್ಕ ಹಣ ಗೋದಾಮಿನಲ್ಲಿ ಗೆದ್ದಲಿಗೆ ಕಾಯುವ ಬದಲು ಮುಂದಿನ ಪುಸ್ತಕದ ಕರಡು ತಿದ್ದುವವರಿಗೆ ಸಂಬಳವಾಗಿ ಹೋಯಿತು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಒಂದು ಪ್ರಬಂಧ ಸಂಕಲನದ ಮೊದಲ ಮುದ್ರಣ ಎಂಟೇ ತಿಂಗಳಲ್ಲಿ ಮುಗಿಯಿತೆಂದು ಎರಡನೆಯದಕ್ಕೆ ಮೂರು ಸಾವಿರ ಹಾಕಿಸಿದ್ದೆ. ಕೊಳ್ಳಬೇಕೆಂದಿದ್ದವರೆಲ್ಲ ಮೊದಲ ಸುತ್ತಿನಲ್ಲೇ ಕೊಂಡಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಸಾಲಿನ ಕಟ್ಟುಗಳೆಲ್ಲ ತೇವ ಹಿಡಿದು ಉಬ್ಬಿದವು. ಅವನ್ನು ರದ್ದಿಗೆ ತೂಗಿಸಿದ ದಿನ ಆ ಲೇಖಕರಿಗೆ ಫೋನು ಮಾಡಿ ಹೇಳುವುದು ನನಗೆ ಬಹಳ ಕಷ್ಟವಾಯಿತು.

ಪ್ಲೇಟಿಲ್ಲದೆ ಕಂಪ್ಯೂಟರಿನ ಕಡತದಿಂದ ನೇರವಾಗಿ ಅಚ್ಚು ಹಾಕುವ ಈ ಯಂತ್ರಗಳು ಬಂದು ಮೂರು ದಶಕಕ್ಕೂ ಹೆಚ್ಚಾಯಿತು. ಒಂದೊಂದೇ ಪ್ರತಿ ಹಾಕಿಕೊಡುವ ವ್ಯಾಪಾರವನ್ನು ಅಮೆರಿಕದ ಇನ್‌ಗ್ರಾಮ್ ಸಂಸ್ಥೆ 1997ರಲ್ಲೇ ಶುರುಮಾಡಿತು. ನಾವು ಡಿಜಿಟಲ್ ಎಂದೊಡನೆ ಪರದೆಯನ್ನಷ್ಟೇ ನೆನೆಯುತ್ತೇವೆ. ಸಣ್ಣ ಪ್ರಕಾಶಕರ ಕೈಗೆ ಡಿಜಿಟಲ್ ಯುಗ ಕೊಟ್ಟ ದೊಡ್ಡ ವರ ಈ ಯಂತ್ರ ಎಂದು ನನ್ನ ಅಭಿಪ್ರಾಯ.

ಆದರೆ ಇಲ್ಲಿ ಕೆಲಸ ಕೊಡುವಾಗ ಎಚ್ಚರ ಬೇಕು. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇರುತ್ತದೆ. ಆ ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಓಡಬೇಕು. ಅಡ್ಡ ಬಂದರೆ ಪುಟಗಳು ಅಲೆಯಲೆಯಾಗಿ ಏಳುತ್ತವೆ, ಪುಸ್ತಕ ಬಿಡಿಸಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಸಣ್ಣ ಯಂತ್ರಗಳಲ್ಲಿ ಹಾಳೆ ಉಳಿಸಲು ಈ ನಿಯಮವನ್ನು ಮುರಿಯುವುದುಂಟು. ಬೈಂಡಿಂಗ್ ಅಂಟು ಯಾವುದೆಂದೂ ಕೇಳಿ. ಬಿಸಿ ಮಾಡಿ ಹಚ್ಚುವ ಸಾಮಾನ್ಯ ಅಂಟು ವರ್ಷಗಳು ಕಳೆದಂತೆ ಬಿರುಕು ಬಿಟ್ಟು ಪುಟ ಉದುರಿಸುತ್ತದೆ. ಪಿಯುಆರ್ ಎಂಬ ಅಂಟು ಸ್ವಲ್ಪ ದುಬಾರಿಯಾದರೂ ಬಹುಕಾಲ ಹಿಡಿದುಕೊಳ್ಳುತ್ತದೆ. ಮಾದರಿ ಪ್ರತಿ ತರಿಸಿ, ನಡುವಿನಲ್ಲಿ ಪೂರ್ತಿ ಬಗ್ಗಿಸಿ ನೋಡದೆ ಒಪ್ಪಿಗೆ ಕೊಡಬೇಡಿ. ಪರದೆಯಲ್ಲಿ ಓದಬಹುದಾದದ್ದನ್ನು ಹಣ ಕೊಟ್ಟು ಕಾಗದದಲ್ಲಿ ಕೊಳ್ಳುವ ಓದುಗರಿಗೆ ಕೈಯಲ್ಲಿ ಹಿಡಿದಾಗ ಆ ಪುಸ್ತಕ ಚೆನ್ನಾಗಿರಲೇಬೇಕು. ಹಿಂದೆ ಒರಟು ಕಾಗದ, ಅಂಚಿಗೆ ತಾಗಿದ ಅಕ್ಷರ ಎಲ್ಲವನ್ನೂ ಸಹಿಸಿಕೊಂಡ ಓದುಗರು ಈಗ ಸಹಿಸಬೇಕಾದ ಕಾರಣವಿಲ್ಲ.

ಅಂದಾಜನ್ನು ಇನ್ನಷ್ಟು ಕೆಡಿಸುವುದು ಹಿಂತಿರುಗಿ ಬರುವ ಪ್ರತಿಗಳು. ಮಾರದಿದ್ದರೆ ವಾಪಸ್ ಎಂಬ ಪದ್ಧತಿ ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ, ಅಂಗಡಿಗಳು ಹೊಸ ಪುಸ್ತಕ ಇಟ್ಟುಕೊಳ್ಳಲು ಹೆದರಿದಾಗ, ಬೇರೂರಿತು. ಆ ಕುಸಿತ ಮುಗಿದರೂ ಪದ್ಧತಿ ಮುಗಿಯಲಿಲ್ಲ. ಮುಖಬೆಲೆ ನೂರು ಎಂದುಕೊಂಡರೆ ಹಂಚಿಕೆದಾರರಿಗೂ ಅಂಗಡಿಗೂ ಸೇರಿ ಸಾಮಾನ್ಯವಾಗಿ 40ರಿಂದ 55 ಹೋಗುತ್ತದೆ. ಅದರ ಮೇಲೆ ಮೂಲೆ ಮಡಚಿದ ಪ್ರತಿಗಳು ಆರು ತಿಂಗಳಿಗೆ ಮರಳಿ ಬಂದರೆ ಸಾಗಾಟದ ಖರ್ಚೂ ನಮ್ಮ ತಲೆಗೇ. ನನಗೂ ಒಬ್ಬ ಹಂಚಿಕೆದಾರರು ಎರಡು ವರ್ಷ ಲೆಕ್ಕ ಕೊಡದೆ, ಕೊನೆಗೆ ಹಣದ ಬದಲು ಪುಸ್ತಕದ ಕಟ್ಟುಗಳನ್ನೇ ಕಳಿಸಿದ್ದರು. ಅಂಗಡಿಗಳು ಬೇಕು, ಅವುಗಳನ್ನು ಬಿಡಬೇಡಿ. ಆದರೆ ವಾಪಸ್ ಇಲ್ಲದ ಷರತ್ತಿಗೆ ಹೆಚ್ಚು ರಿಯಾಯಿತಿ ಕೊಟ್ಟು, ಹತ್ತೇ ಪ್ರತಿ ಕೊಳ್ಳುವ ಹತ್ತು ಒಳ್ಳೆಯ ಅಂಗಡಿಗಳನ್ನು ಹುಡುಕಿಕೊಳ್ಳಿ. ಇನ್ನೂರು ಪ್ರತಿಯನ್ನು ಸಾಲವಾಗಿ ಒಯ್ಯುವ ಒಬ್ಬರಿಗಿಂತ ಅವು ಮೇಲು.

ಇನ್ನು ಫೋನು ನಿಜವಾಗಿ ಕಿತ್ತುಕೊಂಡದ್ದು ಏನೆಂದು ಹೇಳಬೇಕು. ಪುಸ್ತಕವೊಂದು ಬಂದಿದೆ ಎಂದು ಓದುಗರಿಗೆ ತಿಳಿಯುವ ದಾರಿಯನ್ನು ಅದು ಕಿತ್ತುಕೊಂಡಿತು. ಹಿಂದೆ ವಾರದ ಪುರವಣಿಯಲ್ಲಿ ವಿಮರ್ಶೆ ಬರುತ್ತಿತ್ತು. ಅಂಗಡಿಯಲ್ಲಿ ಯಾವುದೋ ಪುಸ್ತಕಕ್ಕೆ ಕೈ ಚಾಚಿದಾಗ ಪಕ್ಕದ್ದು ಕಣ್ಣಿಗೆ ಬೀಳುತ್ತಿತ್ತು. ಪುರವಣಿಗಳು ತೆಳ್ಳಗಾದವು, ಎಷ್ಟೋ ಅಂಗಡಿಗಳು ಮುಚ್ಚಿದವು. ಅಮೆರಿಕದ ಬಾರ್ಡರ್ಸ್‌ನಂಥ ದೈತ್ಯ ಮಳಿಗೆ ಸಾಲೇ 2011ರಲ್ಲಿ ಬಾಗಿಲು ಹಾಕಿತು. ಜಾಲದ ಮಳಿಗೆಯಲ್ಲಿ ಹುಡುಕುವ ಪೆಟ್ಟಿಗೆ ಇದೆ, ಆದರೆ ಹೆಸರು ಗೊತ್ತಿದ್ದವರಿಗೆ ಮಾತ್ರ ಅದು ಬಾಗಿಲು ತೆರೆಯುತ್ತದೆ. ಹೆಸರೇ ಕೇಳದ ಲೇಖಕರ ಮೊದಲ ಪುಸ್ತಕ ಅಲ್ಲಿ ಇದ್ದೂ ಇಲ್ಲದಂತೆ. ನಿಮ್ಮ ಸಾವಿರ ಪ್ರತಿ ಎರಡು ವರ್ಷದಲ್ಲಿ ಖರ್ಚಾಗುತ್ತಿದ್ದ ಕಾಲಕ್ಕೂ ಈಗಕ್ಕೂ ಇರುವ ವ್ಯತ್ಯಾಸದ ಹೆಚ್ಚಿನ ಪಾಲು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಓದುವವರು ಎಲ್ಲೂ ಹೋಗಿಲ್ಲ, ಅವರಿಗೂ ನಿಮಗೂ ನಡುವೆ ಇದ್ದ ಸೇತುವೆಗಳು ಮುರಿದಿವೆ.

ಆ ಸೇತುವೆಯನ್ನು ಈಗ ಪ್ರಕಾಶಕರೇ ಕಟ್ಟಿಕೊಳ್ಳಬೇಕು. ನಿಮ್ಮಿಂದ ನೇರವಾಗಿ ಪುಸ್ತಕ ಕೊಂಡವರ ವಿಳಾಸಪಟ್ಟಿ ಇದೆಯೇ? ಹದಿನೆಂಟು ವರ್ಷದ ರಸೀದಿ ಪುಸ್ತಕಗಳು ಎಲ್ಲಿವೆ? ಅವರಿಗೆ ಬರೆಯಿರಿ, ಇನ್ನು ಮುಂದೆ ಹೊಸ ಪುಸ್ತಕದ ಸುದ್ದಿ ಕಳಿಸಬಹುದೇ ಎಂದು ಒಪ್ಪಿಗೆ ಕೇಳಿ. ಒಪ್ಪಿದವರು ಮುನ್ನೂರೇ ಜನರಿರಲಿ, ಪುಸ್ತಕ ಅಚ್ಚಿಗೆ ಹೋಗುವ ಒಂದು ತಿಂಗಳು ಮುಂಚೆ ಒಂದು ಅಧ್ಯಾಯ ಕಳಿಸಿ, ಮುಂಗಡ ಕಾಯ್ದಿರಿಸಲು ಹೇಳಿ. ಹದಿನೇಳು, ಹದಿನೆಂಟನೇ ಶತಮಾನದ ಯೂರೋಪಿನಲ್ಲಿ ದೊಡ್ಡ ದೊಡ್ಡ ಗ್ರಂಥಗಳು ಹೀಗೆಯೇ, ಮೊದಲು ಚಂದಾ ಎತ್ತಿ, ಆಮೇಲೆ ಅಚ್ಚಿಗೆ ಹೋಗುತ್ತಿದ್ದವು. ಎಷ್ಟು ಮುಂಗಡ ಬಂತೋ ಅದರ ಒಂದೂವರೆ ಪಟ್ಟು ಹಾಕಿಸಿ. ಅಂದಾಜಿನ ಜಾಗದಲ್ಲಿ ಎಣಿಕೆ ಬರುತ್ತದೆ.

ಜಾಲದ ಮಳಿಗೆಗಳಿಗೆ ಕೊಡುವ ವಿವರವನ್ನೂ ಅಸಡ್ಡೆ ಮಾಡಬೇಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ 2007ರಿಂದ 13 ಅಂಕಿಯದ್ದು. ಮುದ್ರಿತ ರೂಪಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಬೇರೆ ಬೇಕು. ಲೇಖಕರ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಯಂತ್ರ ಅವರನ್ನು ಬೇರೆ ಬೇರೆ ಜನ ಎಂದುಕೊಳ್ಳುತ್ತದೆ. ಬೆನ್ನುಡಿಯಲ್ಲಿ ‘ಅಪೂರ್ವ ಕೃತಿ’ ಎಂದು ಹೊಗಳುವ ಬದಲು ಪುಸ್ತಕದಲ್ಲಿ ಏನಿದೆ ಎಂದು ಹೇಳಿ. ಹುಡುಕುವವರು ಬಳಸುವ ಮಾತುಗಳು ಅದರಲ್ಲಿ ಇದ್ದಾಗಲೇ ಪುಸ್ತಕ ಅವರ ಕಣ್ಣಿಗೆ ಬೀಳುವುದು.

ಕಾಗದದ ಬೆಲೆಯ ಬಗ್ಗೆ ಚಿಕ್ಕದಾಗಿ. ಪತ್ರಿಕೆಗಳ ಬೇಡಿಕೆ ಕುಸಿದಂತೆ, ಜಾಲದಲ್ಲಿ ಕೊಳ್ಳುವ ಸಾಮಾನಿಗೆ ರಟ್ಟಿನ ಪೆಟ್ಟಿಗೆ ಬೇಕಾದಂತೆ, ಎಷ್ಟೋ ಗಿರಣಿಗಳು ಬರೆಯುವ, ಅಚ್ಚಿನ ಕಾಗದ ಬಿಟ್ಟು ರಟ್ಟಿಗೆ ತಿರುಗಿವೆ. 2021–22ರಲ್ಲಿ ಬೆಲೆ ಜಿಗಿದಾಗ, 2022ರ ಜನವರಿಯಿಂದ ಏಪ್ರಿಲ್‌ವರೆಗೆ ಫಿನ್‌ಲೆಂಡಿನ ಯುಪಿಎಂ ಗಿರಣಿಗಳಲ್ಲಿ ಮುಷ್ಕರ ನಡೆದಾಗ, ದೂರದ ಪ್ರಕಾಶಕರಿಗೂ ಅದರ ಬಿಸಿ ತಟ್ಟಿತು. ಆದ್ದರಿಂದ ದರಪಟ್ಟಿ ಎಷ್ಟು ದಿನ ಊರ್ಜಿತ ಎಂದು ಪ್ರೆಸ್ಸಿನವರಿಂದ ಬರೆಸಿಕೊಳ್ಳಿ, ಮುಖಬೆಲೆಯನ್ನು ಕೊನೆಯ ಗಳಿಗೆಯಲ್ಲಿ ನಿರ್ಧರಿಸಿ.

ಇ-ಪುಸ್ತಕ ಮಾಡಿದರೆ ಖರ್ಚೇ ಇಲ್ಲ ಎಂಬುದು ನಿಮ್ಮ ಸ್ನೇಹಿತರ ತಪ್ಪು ತಿಳಿವಳಿಕೆ. ಅಚ್ಚು, ಕಾಗದ, ಬೈಂಡಿಂಗ್ ಎಲ್ಲ ಸೇರಿ ಮುಖಬೆಲೆಯ ಒಂದು ಸಣ್ಣ ಭಾಗ ಮಾತ್ರ. ಸಂಪಾದನೆ, ಕರಡು ತಿದ್ದುವಿಕೆ, ಮುಖಪುಟ, ಲೇಖಕರ ಗೌರವಧನ, ಮಳಿಗೆಯ ಪಾಲು ಯಾವುದೂ ಇ-ಪುಸ್ತಕದಲ್ಲಿ ಮಾಯವಾಗುವುದಿಲ್ಲ. ಆದರೆ ಓದುಗರು ಕಾಗದವಿಲ್ಲದ್ದಕ್ಕೆ ಅರ್ಧ ಬೆಲೆಯನ್ನೂ ಕೊಡಲು ಹಿಂಜರಿಯುತ್ತಾರೆ. ಪಿಡಿಎಫ್ ಬಿಡುಗಡೆ ಮಾಡಿದರೆ ಇ-ಪುಸ್ತಕ ಆಗಿಹೋಯಿತು ಎಂದೂ ತಿಳಿಯಬೇಡಿ. ಫೋನಿನ ಪುಟ್ಟ ಪರದೆಯಲ್ಲಿ ಪಿಡಿಎಫ್ ಪುಟವನ್ನು ಹಿಗ್ಗಿಸಿ, ಆಚೀಚೆ ಸರಿಸಿ ಓದುವುದು ಹಿಂಸೆ. ಪರದೆಗೆ ತಕ್ಕಂತೆ ಸಾಲು ಮುರಿದುಕೊಳ್ಳುವ ಇಪಬ್ ಮಾಡಿಸಬೇಕು. ಪಿಡಿಎಫ್ ಒಂದು ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ವಾರದೊಳಗೆ ನೂರು ಗುಂಪಿನಲ್ಲಿರುತ್ತದೆ ಎಂಬುದು ನೀವೇ ಕಂಡ ಸಂಗತಿ ಇರಬಹುದು. ಅದಕ್ಕೆ ಪೂರ್ತಿ ಮದ್ದಿಲ್ಲ.

ಓದುಗರ ಕಡೆಯಿಂದಲೂ ಯೋಚಿಸಿ. 2019ರಲ್ಲಿ ಮೈಕ್ರೊಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ, ಜನ ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳೂ ಅವರ ಸಾಧನಗಳಿಂದ ಹೋದವು. ಹಣ ವಾಪಸ್ ಬಂತು, ಪುಸ್ತಕ ಬರಲಿಲ್ಲ. ಕಾಗದದ ಪುಸ್ತಕವನ್ನು ಕೊಂಡವರ ಕಪಾಟಿನಿಂದ ಯಾವ ಕಂಪನಿಯೂ ಹೀಗೆ ಎತ್ತಿಕೊಂಡು ಹೋಗಲಾರದು. ಅರ್ಥಗ್ರಹಣದ ಮಾತೂ ಇದೆ. 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಒಂದು ಸಂಶೋಧನೆ, ಮಾಹಿತಿಪ್ರಧಾನ ಬರಹವನ್ನು ಜನ ಪರದೆಗಿಂತ ಕಾಗದದಲ್ಲಿ ಚೆನ್ನಾಗಿ ಗ್ರಹಿಸುತ್ತಾರೆ, ಸಮಯದ ಒತ್ತಡವಿದ್ದಾಗ ಆ ಅಂತರ ಇನ್ನೂ ಹೆಚ್ಚು ಎಂದು ಕಂಡುಕೊಂಡಿತು. ಕಥೆ, ಕಾದಂಬರಿಯಂಥ ಓದಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಾದಂಬರಿಯ ಇ-ಪುಸ್ತಕ ತಂದರೆ ಓದುಗರಿಗೆ ಅನ್ಯಾಯವಾಗುತ್ತದೆ ಎಂದೇನೂ ಭಾವಿಸಬೇಡಿ.

ಈಗ ನಿಮ್ಮ ಮೂರು ಹಸ್ತಪ್ರತಿಗಳು.

ಕಾದಂಬರಿಗೆ ಮುಂಗಡ ಎತ್ತಿ, 250ರಿಂದ 300 ಪ್ರತಿ ಡಿಜಿಟಲ್ ಯಂತ್ರದಲ್ಲಿ ಹಾಕಿಸಿ, ಅದೇ ದಿನ ಇ-ಪುಸ್ತಕವನ್ನೂ ಬಿಡುಗಡೆ ಮಾಡಿ. ಹೊರದೇಶದಲ್ಲಿರುವ ಓದುಗರಿಗೆ ಅಂಚೆ ಖರ್ಚೇ ಪುಸ್ತಕದ ಬೆಲೆಯನ್ನು ಮೀರುತ್ತದೆ, ಅವರಿಗೆ ಅದೊಂದೇ ದಾರಿ. ಮೂರು ತಿಂಗಳಲ್ಲಿ ಮುಗಿದರೆ ಮರುಮುದ್ರಣ ಒಂದು ವಾರದ ಕೆಲಸ. ಬೇಡಿಕೆ ನಿಜಕ್ಕೂ ಏರಿ ತಿಂಗಳಿಗೆ ಇನ್ನೂರು, ಮುನ್ನೂರು ಹೋಗತೊಡಗಿದರೆ ಆಗ ಧೈರ್ಯವಾಗಿ ಆಫ್‌ಸೆಟ್‌ಗೆ ಹೋಗಿ.

ಸಸ್ಯಕೋಶವನ್ನು ಮೊದಲು ಅಚ್ಚು ಹಾಕಬೇಡಿ. ಅದು ಹುಡುಕುವ ಪುಸ್ತಕ. ತಪ್ಪು ತಿದ್ದಲು, ಹೊಸ ನಮೂದು ಸೇರಿಸಲು, ಚಿತ್ರ ಹಿಗ್ಗಿಸಿ ಎಲೆಯ ಅಂಚು ನೋಡಲು ಪರದೆಯೇ ಸೂಕ್ತ. ಜಾಲದಲ್ಲಿ ತೆರೆದಿಡಿ, ಬಳಸುವವರು ತಿದ್ದುಪಡಿ ಕಳಿಸಲಿ. ಎರಡು ವರ್ಷ ಹಾಗೆ ಪಳಗಿದ ಮೇಲೆ, ಜನ ಹೆಚ್ಚು ತೆರೆದು ನೋಡಿದ ನೂರೈವತ್ತು ಗಿಡಗಳನ್ನು ಆರಿಸಿ, ಜೇಬಿಗೆ ಹಿಡಿಯುವ ಕೈಪಿಡಿಯಾಗಿ ಅಚ್ಚು ಹಾಕಿಸಿ. ಫೋನಿಗೆ ಸಿಗ್ನಲ್ ಸಿಗದ ಕಾಡಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಚಿತ್ರಪುಸ್ತಕದ ಲೆಕ್ಕ ತಿರುವುಮುರುವು. ಬಣ್ಣದ ಕೆಲಸವನ್ನು ಕಡಿಮೆ ಪ್ರತಿಯಲ್ಲಿ ಹಾಕಿಸಿದರೆ ಬೆಲೆ ಮಕ್ಕಳ ಪುಸ್ತಕಕ್ಕೆ ತಕ್ಕದ್ದಾಗಿ ಉಳಿಯುವುದಿಲ್ಲ, ಎರಡು ಪುಟಕ್ಕೆ ಹರಡಿದ ಚಿತ್ರ ಫೋನಿನಲ್ಲಿ ಹಿಡಿಯುವುದೂ ಇಲ್ಲ. ಇದಕ್ಕೆ ಆಫ್‌ಸೆಟ್ ಬೇಕು, ಪ್ರತಿಗಳೂ ಹೆಚ್ಚು ಬೇಕು. ಹಾಗೆಂದು ಅಷ್ಟನ್ನೂ ನೀವೊಬ್ಬರೇ ಹೊರಬೇಕಿಲ್ಲ. ಬೇರೆ ಭಾಷೆಯ ಪ್ರಕಾಶಕರೊಬ್ಬರನ್ನು ಜೊತೆ ಮಾಡಿಕೊಳ್ಳಿ. ನಾಲ್ಕು ಬಣ್ಣದ ಅಚ್ಚಿನಲ್ಲಿ ನೀಲಿ, ಕೆಂಪು, ಹಳದಿಯ ಪ್ಲೇಟುಗಳು ಎರಡೂ ಭಾಷೆಗೆ ಅವೇ. ಅಕ್ಷರಗಳೆಲ್ಲ ಅಚ್ಚ ಕಪ್ಪಿನಲ್ಲಿದ್ದರೆ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಕಪ್ಪು ಪ್ಲೇಟೊಂದನ್ನು ಬದಲಿಸಿದರೆ ಸಾಕು, ಮುಂದಿನ ಭಾಷೆಯ ಪ್ರತಿಗಳು ಹೊರಬರುತ್ತವೆ. ಮಕ್ಕಳ ಪುಸ್ತಕಗಳ ಲೋಕದಲ್ಲಿ ಇದು ಬಹುಕಾಲದಿಂದ ನಡೆದುಬಂದಿರುವ ಕ್ರಮ. ಆದ್ದರಿಂದ ಕಲಾವಿದರಿಗೆ ಈಗಲೇ ಹೇಳಿ: ಚಿತ್ರದೊಳಗೆ ಅಕ್ಷರ ಬರೆಯಬಾರದು, ಬಣ್ಣದ ಅಕ್ಷರ ಬೇಡ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಂತೂ ಬೇಡವೇ ಬೇಡ. ಚಿತ್ರ ಮುಗಿದ ಮೇಲೆ ಇದನ್ನು ಹೇಳಿದರೆ ಪುಟ ಪುಟವನ್ನೂ ಮತ್ತೆ ಬರೆಯಬೇಕಾಗುತ್ತದೆ.

ತ್ರೈಮಾಸಿಕದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ನ್ಯೂಯಾರ್ಕ್ ಟೈಮ್ಸ್‌ನಂಥ ಪತ್ರಿಕೆಗೇ 2012ರಲ್ಲಿ ಓದುಗರಿಂದ ಬರುವ ಹಣ ಜಾಹೀರಾತಿನ ಹಣವನ್ನು ಮೀರಿತು. ಪತ್ರಿಕೆಯನ್ನು ಇನ್ನು ಓದುಗರೇ ಸಾಕಬೇಕು. ಸಮಾರಂಭದ ವರದಿ, ಹೊಸ ಪುಸ್ತಕದ ಪರಿಚಯದಂಥ ಅವಸರದ ಬರಹಗಳನ್ನು ಜಾಲಕ್ಕೆ ಹಾಕಿ. ಅಚ್ಚಿನ ಸಂಚಿಕೆಯಲ್ಲಿ ಕಾದು ಓದುವಂಥ ದೀರ್ಘ ಬರಹಗಳಷ್ಟೇ ಇರಲಿ, ವರ್ಷಕ್ಕೆ ಎರಡೇ ಬರಲಿ, ಚಂದಾದಾರರು ಎಷ್ಟೋ ಅಷ್ಟೇ ಪ್ರತಿ ಹಾಕಿಸಿ.

ಕೊನೆಯದಾಗಿ, ನಿಮ್ಮ ಹಳೆಯ 43 ಪುಸ್ತಕಗಳು. ಅವುಗಳಲ್ಲಿ ಎಷ್ಟರ ಪ್ರತಿ ಮುಗಿದಿದೆಯೋ ನೀವು ಬರೆದಿಲ್ಲ. ಮುಗಿದು, ಮತ್ತೆ ಸಾವಿರ ಹಾಕಿಸಲು ಧೈರ್ಯವಾಗದೆ ಬಿಟ್ಟವು ಹತ್ತಾದರೂ ಇರುತ್ತವೆ. ಅವನ್ನು ಐವತ್ತೈವತ್ತರಂತೆ ಹಾಕಿಸಿ ಮತ್ತೆ ಮಾರಾಟಕ್ಕೆ ಇಡಬಹುದು. ಹೊಸ ಸಂಪಾದನೆ, ಹೊಸ ಮುಖಪುಟದ ಖರ್ಚಿಲ್ಲದ ಆದಾಯ ಅದು. ಆದರೆ ಅದಕ್ಕೆ ಮೂಲ ಕಡತ ಬೇಕು. ಪುಟ ಕಟ್ಟಿಕೊಟ್ಟವರ ಹಳೆಯ ಕಂಪ್ಯೂಟರಿನಲ್ಲೇ ಉಳಿದಿದ್ದರೆ, ಆ ಯಂತ್ರ ಕೆಟ್ಟ ದಿನ ಪುಸ್ತಕವೂ ಹೋದಂತೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿದ್ದರೆ ಇ-ಪುಸ್ತಕಕ್ಕೂ ಬರುವುದಿಲ್ಲ, ಹುಡುಕಲೂ ಸಿಗುವುದಿಲ್ಲ. ಪರಿವರ್ತಿಸಿ, ಮತ್ತೊಮ್ಮೆ ಕರಡು ನೋಡಬೇಕು. ನನ್ನ ಒಂದು ಪುಸ್ತಕದ ಕಡತ ಹೀಗೇ ಕಳೆದುಹೋಗಿ, ಮುನ್ನೂರು ಪುಟವನ್ನು ಮುದ್ರಿತ ಪ್ರತಿ ನೋಡಿ ಮತ್ತೆ ಬೆರಳಚ್ಚು ಮಾಡಿಸಿದ್ದೇನೆ. ಹೊಸ ಹಸ್ತಪ್ರತಿ ಮುಟ್ಟುವ ಮೊದಲು, ಈ ವಾರವೇ, ನಿಮ್ಮ ಡಿಟಿಪಿಯವರಿಗೆ ಫೋನು ಮಾಡಿ. ಪಿಡಿಎಫ್ ಅಷ್ಟೇ ಸಾಲದು, ತಿದ್ದಲು ಬರುವ ಮೂಲ ಕಡತ, ಬಳಸಿದ ಫಾಂಟು, ಚಿತ್ರಗಳು ಎಲ್ಲವನ್ನೂ ತರಿಸಿಕೊಂಡು, ಬೇರೆ ಬೇರೆ ಕಡೆ ಇಡುವ ಎರಡು ಡಿಸ್ಕಿಗೆ ಹಾಕಿಸಿಡಿ.